ಮೂರನೆಯ ಮಂಚಕ್ಕೆ ನೀರು

ಏಪ್ರಿಲ್ 9, ಬೆಳಿಗ್ಗೆ

ಮತ್ತೆ ಅದೇ. ಬ್ಯಾಗ್ ಇಡುವ ಮೊದಲೇ ಆಸ್ಪತ್ರೆಯ ಹಿಂದಿನ ಕೋಣೆಗೆ ಹೋಗಿ ತೊಟ್ಟಿಯ ಮುಚ್ಚಳ ಎತ್ತಿದೆ. ಅರ್ಧಕ್ಕಿಂತ ಕೆಳಗೆ. ಗೋಡೆಯ ಮೇಲೆ ಪಾಚಿಯ ಗೆರೆ ಉಳಿದಿದೆ. ಹೋದ ವರ್ಷ ಈ ಹೊತ್ತಿಗೆ ನೀರು ಅಲ್ಲಿಯವರೆಗೆ ಇತ್ತು.

ಫಿಲ್ಟರ್ ದಾಟಿ ಬಂದ ನೀರನ್ನು ಗಾಜಿನ ಕೊಳವೆಯಲ್ಲಿ ಹಿಡಿದು, ಪುಡಿ ಹಾಕಿ, ಅಲ್ಲಾಡಿಸಿದೆ. ಬಣ್ಣ ಬರಲಿಲ್ಲ. ಸದ್ಯ. ಕ್ಲೋರಿನ್ ಉಳಿದಿದ್ದರೆ ಗುಲಾಬಿಗೆ ತಿರುಗುತ್ತದೆ. ಕುಡಿಯುವವರಿಗೆ ಅದರಿಂದ ಏನೂ ಆಗದು. ಆದರೆ ಡಯಾಲಿಸಿಸ್ ಮಷಿನ್ ಒಳಗೆ ನೀರು ರಕ್ತದ ಮಗ್ಗುಲಲ್ಲೇ ಹರಿಯುತ್ತದೆ. ಅಲ್ಲಿ ಅದೇ ವಿಷ.

ಐದು ಮಂಚ, ಐದು ಮಷಿನ್. ನರ್ಸ್ ಮತ್ತು ನಾನು. ಒಬ್ಬರನ್ನು ಒಂದು ಸಲ ಮಷಿನ್‌ಗೆ ಹಾಕಿದರೆ ನಮ್ಮ ಮನೆಯಲ್ಲಿ ದಿನವಿಡೀ ಬಳಸುವಷ್ಟು ನೀರು ಹೋಗುತ್ತದೆ. ಇಷ್ಟು ವರ್ಷ ಟೆಕ್ನಿಷಿಯನ್ ಆಗಿದ್ದರೂ ಅದು ತಲೆಗೆ ಹೋಗಿರಲಿಲ್ಲ. ಈಗ ಚರಂಡಿಗೆ ಇಳಿಯುವ ಸದ್ದು ಕೇಳಿದರೆ ಕೊಡಗಳ ಲೆಕ್ಕ ಹಾಕುತ್ತೇನೆ.

ಮೂರನೆಯ ಮಂಚ ಅಣ್ಣನದು. ಬಂದವನೇ "ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯ ಖಾಲಿ ಇದೆ" ಅಂತ ಎಲ್ಲರನ್ನೂ ನಗಿಸಿದ. ಕಂಡಕ್ಟರ್ ಕೆಲಸ ಬಿಟ್ಟರೂ ಬಾಯಿಯ ಚಾಳಿ ಬಿಟ್ಟಿಲ್ಲ. ಬಸ್ಸಿನಲ್ಲಿ ಉಚ್ಚೆ ಕಟ್ಟಿಕೊಂಡು ನಿಂತೂ ನಿಂತೂ ಕಿಡ್ನಿ ಹೋಯಿತು ಅಂತ ಅವನ ವಾದ. ಡಾಕ್ಟರ್ ಮೇಡಂ ಸಕ್ಕರೆ ಕಾಯಿಲೆ ಅನ್ನುತ್ತಾರೆ.

ಏಪ್ರಿಲ್ 12

ಮನೆಯಲ್ಲಿ ಮಧ್ಯಾಹ್ನ ಕರೆಂಟ್ ಇಲ್ಲ. ಗೋಡೆ ಮುಟ್ಟಿದರೆ ಜ್ವರ ಬಂದವರ ಹಣೆ ಮುಟ್ಟಿದಂತೆ.

ಅಣ್ಣನಿಗೆ ದಿನಕ್ಕೆ ಸಣ್ಣ ಬಾಟಲಿಯಷ್ಟೇ ನೀರು. ಹೆಚ್ಚು ಕುಡಿದರೆ ಹೊರಗೆ ಹೋಗಲು ದಾರಿಯಿಲ್ಲ, ಎದೆಗೆ ತುಂಬುತ್ತದೆ. ಅತ್ತಿಗೆ ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತುತ್ತಾರೆ. "ಊರಿಗೆಲ್ಲ ಕುಡಿಯೋಕೆ ನೀರಿಲ್ಲ, ನಂಗೆ ಕುಡಿಯೋ ಹಾಗಿಲ್ಲ. ಅಂತೂ ಸಮಾನತೆ ಬಂತು ಬಿಡು" ಅಂದ ಅಣ್ಣ. ಅತ್ತಿಗೆ ನಗಲಿಲ್ಲ.

ಸಂಜೆ ಬಚ್ಚಲಲ್ಲಿ ಏನೋ ಸದ್ದು. ಬಾಗಿಲು ಸರಿಸಿದೆ. ಅಣ್ಣ ಬಗ್ಗಿ ನಲ್ಲಿಗೆ ಬಾಯಿ ಇಟ್ಟಿದ್ದ. ನಲ್ಲಿಯಿಂದ ನೀರು ಬರುತ್ತಿರಲಿಲ್ಲ. ಬುಸ್ ಅಂತ ಗಾಳಿ ಮಾತ್ರ. ಅವನಿಗೆ ನನ್ನನ್ನು ಕಂಡು ನಾಚಿಕೆಯಾಯಿತು. ಮುಖ ಒರೆಸಿಕೊಂಡು ಹೋದ.

ನಲ್ಲಿ ಒಣಗಿದ್ದಕ್ಕೆ ನನಗೆ ಸಮಾಧಾನವಾಯಿತು... ಎಂಥ ಕಾಲ ಬಂತು.

ಏಪ್ರಿಲ್ 17

ಟೀ ಹೊತ್ತಿಗೆ ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಬಂದು ಕೂತರು. ಮುಖ ಸಪ್ಪಗಿತ್ತು.

"ಡ್ಯಾಮಿನ ಕೆಳಗಿನ ಪವರ್‌ಹೌಸ್ ನಿಲ್ಲಿಸಿಬಿಟ್ರು ಮೇಡಂ. ನೀರು ಕೊಳವೆ ಬಾಯಿಗೇ ಬರ್ತಿಲ್ವಂತೆ."

"ಕಲ್ಲಿದ್ದಲಿಂದು ಇದೆಯಲ್ಲ?"

"ಅದನ್ನ ತಣ್ಣಗಿಡೋಕೂ ನದಿ ನೀರೇ ಬೇಕಲ್ಲ. ನದೀನೇ ಬೆಚ್ಚಗಾಗಿ ಕೂತಿದೆ, ಇರೋದೂ ಮೊಣಕಾಲುದ್ದ. ಅದನ್ನೂ ಅರ್ಧಕ್ಕಿಳಿಸಿದಾರೆ. ಈ ಸೆಕೆಗೆ ಊರೆಲ್ಲ ಎಸಿ ಹಾಕ್ಕೊಂಡು ಕೂತಿದೆ. ಎಲ್ಲಿಂದ ತರ್ತಾರೆ?"

"ನೀರೆತ್ತೋ ಪಂಪಿಗೆ?"

"ಅದಕ್ಕೆ ಕರೆಂಟ್ ಬೇಕು. ಕರೆಂಟ್ ಹುಟ್ಟೋಕೆ ನೀರು ಬೇಕು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ."

ನಕ್ಕೆವು. ಟೀ ತಣ್ಣಗಾಯಿತು. ಎರಡು ವರ್ಷ ಮಳೆ ಕೈಕೊಟ್ಟಾಗಲೂ "ಮುಂದಿನ ಸಲ ಬರುತ್ತೆ ಬಿಡು" ಅಂದವರೇ ಎಲ್ಲ. ನಾನೂ ಅಂದವಳೇ. ಹೀಗೆ ಎಲ್ಲ ಒಂದಕ್ಕೊಂದು ಗಂಟು ಬಿದ್ದಿದೆ ಅಂತ ಯಾರಿಗೆ ಗೊತ್ತಿತ್ತು?

ಏಪ್ರಿಲ್ 18

ಟ್ಯಾಂಕರ್ ಬಂತು. ಅರ್ಧ ತುಂಬಿತ್ತು. ಉಳಿದರ್ಧ ಎಲ್ಲಿ ಅಂತ ಕೇಳಿದರೆ ಡ್ರೈವರ್ ಅಂಗಿ ತೋರಿಸಿದ. ತೋಳು ಹರಿದಿತ್ತು. ದಾರಿಯಲ್ಲಿ ಜನ ಅಡ್ಡಗಟ್ಟಿದರಂತೆ.

ಏಪ್ರಿಲ್ 21

ಕೈ ಸೋತಿದೆ. ಅಕ್ಷರ ಸೊಟ್ಟಗೆ.

ಬೆಳಗಿನ ಸರದಿ. ಐದೂ ಮಂಚದಲ್ಲಿ ಜನ. ಫ್ಯಾನ್ ನಿಂತಿತು, ದೀಪ ಹೋಯಿತು. ಜನರೇಟರ್ ಗುರ್ ಅಂದು, ಕೆಮ್ಮಿ, ಸುಮ್ಮನಾಯಿತು. ಬಿಸಿಗೆ ಕೆಟ್ಟಿತಂತೆ, ಆಮೇಲೆ ಗೊತ್ತಾಯಿತು. ಎರಡು ಮಷಿನ್‌ಗಳ ಬ್ಯಾಟರಿ ಹಿಡಿಯಿತು. ಉಳಿದ ಮೂರರದು ಸತ್ತಿತು. ಮೂರೂ ಒಟ್ಟಿಗೆ ಕಿರುಚತೊಡಗಿದವು.

ರಕ್ತ ಹೊರಗಿನ ಕೊಳವೆಯಲ್ಲಿ ನಿಂತಿದೆ. ನಿಂತರೆ ಹೆಪ್ಪುಗಟ್ಟುತ್ತದೆ. ಕೈಯಲ್ಲೇ ಪಂಪ್ ತಿರುಗಿಸಿ ಒಳಗೆ ಕಳಿಸಬೇಕು. ಮೂರು ಜನ, ನಾವಿಬ್ಬರು.

ಬಾಗಿಲ ಬಳಿಯ ಮೊದಲ ಮಂಚ ಟೈಲರಮ್ಮನದು. ನನಗಿಂತ ಚಿಕ್ಕವಳು, ರವಿಕೆ ಹೊಲಿಯುವುದರಲ್ಲಿ ಎತ್ತಿದ ಕೈ. ಕಾಲು ಅಲ್ಲಿಗೇ ಹೋಯಿತು. ಹಿಡಿ ಹಾಕಿ ತಿರುಗಿಸತೊಡಗಿದೆ. ನರ್ಸ್ ಕೊನೆಯ ಮಂಚದ ಮೇಷ್ಟ್ರ ಹತ್ತಿರ ಓಡಿದಳು. ಮಧ್ಯೆ ಅಣ್ಣ.

ಬರುತ್ತೇನೆ ಇರು ಅಂತ ಕೂಗಿದೆ. ಅವನು ಕಾಯಲಿಲ್ಲ. ಸೂಜಿ ಚುಚ್ಚಿದ ಕೈ ಅಲ್ಲಾಡಿಸದೆ, ಇನ್ನೊಂದು ಕೈಯಿಂದ ತಡಕಿ, ಹಿಡಿ ಹಾಕಿ, ತಾನೇ ತಿರುಗಿಸತೊಡಗಿದ. "ನಿಧಾನ! ನಿಧಾನ ಅಣ್ಣಾ!" ಅಂದೆ. ಕಿವಿಗೆ ಬಿತ್ತೋ ಇಲ್ಲವೋ. ಬೆವರು ಅವನ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

ಎಲ್ಲ ಮುಗಿದ ಮೇಲೆ ಅಂದ: "ನನ್ನ ರಕ್ತ ನಾನೇ ಬೀಸ್ಕೊಂಡೆ ನೋಡು. ಗಿರಣಿಗೆ ಹೋಗೋ ಕೆಲಸ ತಪ್ತು."

ಟೈಲರಮ್ಮ ನನ್ನ ಕೈ ಬಿಡಲಿಲ್ಲ. "ಅಣ್ಣನ್ನ ಬಿಟ್ಟು ನನ್ನ ಹತ್ರ ಬಂದ್ರಲ್ಲ ಅಕ್ಕಾ..." ಹತ್ತಿರವಿದ್ದಳು, ಅದಕ್ಕೆ. ಬೇರೆ ಕಾರಣವಿಲ್ಲ. ಹಾಗಂತ ಹೇಳಲು ಬಾಯಿ ಬರಲಿಲ್ಲ.

ಮನೆಯಲ್ಲಿ ಅತ್ತಿಗೆ ನನಗೆ ಊಟ ಬಡಿಸಿ ಎದುರು ನಿಂತರು. "ಅವ್ರ ಕೈಯಲ್ಲೇ ತಿರುಗಿಸ್ಕೊಂಡ್ರಂತೆ?"

"ಹೂಂ."

"ಹೂಂ ಅಂತಾಳೆ." ಒಳಗೆ ಹೋದರು. ಪಾತ್ರೆಗಳ ಸದ್ದು ಜೋರಾಯಿತು.

ಏಪ್ರಿಲ್ 26

ಡಾಕ್ಟರ್ ಮೇಡಂ ಎಲ್ಲರನ್ನೂ ಕೂರಿಸಿ ಹೇಳಿದರು. ವಾರಕ್ಕೆ ಮೂರು ಸಲದ ಬದಲು ಎರಡು. ನಾಲ್ಕು ಗಂಟೆ ಬದಲು ಮೂರು. ನೀರು, ಡೀಸೆಲ್ ಎರಡೂ ಅಷ್ಟಕ್ಕೇ ಸಾಲುವುದು. ಬಾಳೆಹಣ್ಣು, ಎಳನೀರು, ಹಣ್ಣಿನ ರಸ ಮುಟ್ಟಬೇಡಿ, ಪೊಟ್ಯಾಸಿಯಮ್ ಏರಿದರೆ ಹೃದಯ ನಿಲ್ಲುತ್ತದೆ ಅಂತ ಮೂರು ಸಲ ಹೇಳಿದರು.

ಟೈಲರಮ್ಮನ ಗಂಡ ಸ್ಕೂಟರ್ ಕೀಲಿ ಬೆರಳಲ್ಲಿ ತಿರುಗಿಸುತ್ತ ಕೇಳಿದ, "ಕಮ್ಮಿ ಮಾಡಿದ್ರೆ ಏನಾಗುತ್ತೆ ಮೇಡಂ?"

"ತಡ್ಕೋಬೇಕು. ಸ್ವಲ್ಪ ದಿನ."

"ಎಷ್ಟು ದಿನ?"

ಡಾಕ್ಟರ್ ಕಿಟಕಿಯ ಕಡೆ ನೋಡಿದರು. ಆಕಾಶ ಬೆಳ್ಳಗೆ, ತೊಳೆದಿಟ್ಟ ತಟ್ಟೆಯ ಹಾಗೆ. ಎಲ್ಲರೂ ಅದನ್ನೇ ನೋಡಿದರು.

ಏಪ್ರಿಲ್ 30

ಅಣ್ಣನ ಪಾದ ಊದಿದೆ. ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ. ಕುರ್ಚಿಯಲ್ಲಿ ಕೂತೇ ನಿದ್ದೆ. ಅತ್ತಿಗೆ ಪಕ್ಕದಲ್ಲಿ ನೆಲದ ಮೇಲೆ ಕೂತು ರಟ್ಟಿನಿಂದ ಗಾಳಿ ಬೀಸುತ್ತಾರೆ. ನನ್ನ ಜೊತೆ ಮಾತು ಕಡಿಮೆ.

ಮೇ 2

ತೊಟ್ಟಿಯಲ್ಲಿ ತಳದ ಕೆಸರು. ಟ್ಯಾಂಕರ್ ಇಲ್ಲ. ಫೋನ್ ಮಾಡಿದರೆ ನಂಬರ್ ಸ್ವಿಚ್ ಆಫ್. ಯಾರನ್ನೂ ಮಷಿನ್‌ಗೆ ಹಾಕಲಾಗಲಿಲ್ಲ. ಮನೆಗೆ ಕಳಿಸಿದೆವು. ನಾಳೆ ಖಂಡಿತ ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ.

ಮೇ 3, ಬೆಳಿಗ್ಗೆ

ನೀರು ಬಂತು! ನಗರದ ಕೊಳವೆಯಲ್ಲೇ ಬಂತು. ಸದ್ದು ಕೇಳಿ ಎಲೆಕ್ಟ್ರಿಷಿಯನ್ "ಬಂತು, ಬಂತು" ಅಂತ ಕೂಗುತ್ತ ಓಡಿ ಬಂದರು. ಕರೆಂಟೂ ಇದೆ. ಹೊರಗೆ ಎಲ್ಲರೂ ಕಾಯುತ್ತಿದ್ದಾರೆ. ತೊಟ್ಟಿ ತುಂಬುತ್ತಿದೆ. ನೀರಿಗೆ ಒಂದು ಥರ ವಾಸನೆ, ಔಷಧಿ ಅಂಗಡಿಯ ಹಾಗೆ.

ಮೇ 3, ಸಂಜೆ

ಗುಲಾಬಿ.

ಮೊದಲು ನನ್ನ ಕಣ್ಣಿನ ದೋಷ ಅಂದುಕೊಂಡೆ. ಕೊಳವೆ ತೊಳೆದು ಮತ್ತೆ ಹಿಡಿದೆ. ಮತ್ತೆ ಗುಲಾಬಿ. ತೆಳು, ಮಗುವಿನ ಉಗುರಿನ ಬಣ್ಣ. ಆದರೂ ಗುಲಾಬಿಯೇ. ಡ್ಯಾಮಿನ ತಳದ ಕೆಸರು ನೀರು ಎತ್ತಿದ್ದಾರೆ. ಪಾಚಿ ಸಾಯಲೆಂದು ಕ್ಲೋರಿನ್ ಸುರಿದಿದ್ದಾರೆ. ನಮ್ಮ ಇದ್ದಿಲ ಫಿಲ್ಟರ್ ಅಷ್ಟನ್ನು ತಡೆಯಲಾರದೆ ಸೋತಿದೆ. ಹೊಸ ಇದ್ದಿಲು ಬರಬೇಕಾದ ಲಾರಿ ಹೋದ ವಾರದಿಂದ ಬರುತ್ತಲೇ ಇದೆ.

ಡಾಕ್ಟರ್ ಮೇಡಂ ಕೊಳವೆಯನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಬೇಡ," ಅಂದರು. "ರಕ್ತ ಒಡೆದುಹೋಗುತ್ತೆ."

"ಹೊರಗೆ ಹೇಗೆ ಹೇಳೋದು ಮೇಡಂ?"

"ಇಬ್ಬರೂ ಹೋಗೋಣ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಂದು ಆ ಪೂಜಾರಿ ನಾನು. ಬಾಗಿಲಲ್ಲಿ ನಿಂತೆ. ಒಳಗೆ ತೊಟ್ಟಿ ತುಂಬಿ ನೀರು ಚೆಲ್ಲುವ ಸದ್ದು ಎಲ್ಲರಿಗೂ ಕೇಳುತ್ತಿತ್ತು.

"ನೀರಿದೆ, ಕರೆಂಟಿದೆ, ಇನ್ನೇನು ರೋಗ ನಿಮ್ಗೆ?" ಟೈಲರಮ್ಮನ ಗಂಡ ಕೂಗಾಡಿದ. ಅವಳು ಗೋಡೆಗೆ ಒರಗಿ ಕೂತಿದ್ದಳು. ತುಟಿ ಬಿಳಿಚಿತ್ತು. "ಏನಾದ್ರೂ ಆದ್ರೆ ನಾನು ಬರ್ಕೊಡ್ತೀನಿ. ಹಾಕಿ ಅಂದ್ರೆ ಹಾಕಿ!"

ಆಗ ಹಿಂದಿನಿಂದ ಅತ್ತಿಗೆ. ಕೂಗಲಿಲ್ಲ. ಹತ್ತಿರ ಬಂದು ಪಿಸುಗುಟ್ಟಿದರು. "ನಿನ್ನಣ್ಣ ಕಣೇ. ಅವ್ರೊಬ್ಬರಿಗಾದ್ರೂ ಹಾಕು. ಆ ಉಸಿರು ಕೇಳಿಸ್ತಿಲ್ವಾ ನಿಂಗೆ?"

ಕೇಳಿಸುತ್ತಿತ್ತು. ಅಣ್ಣನ ಉಸಿರು ನೆನೆದ ಬಟ್ಟೆ ಹಿಂಡಿದ ಹಾಗೆ. ಅತ್ತ ದರಿ, ಇತ್ತ ಪುಲಿ. ಅಣ್ಣ ತಲೆ ಎತ್ತಿ ನನ್ನನ್ನು ನೋಡಿದ. ಬೇಡ ಅಂತಲೂ ಅನ್ನಲಿಲ್ಲ, ಹಾಕು ಅಂತಲೂ ಅನ್ನಲಿಲ್ಲ. ಹಾಗೆ ನೋಡಿದ್ದೇ ಹೆಚ್ಚು ಹೆದರಿಸಿತು. ಜೀವಮಾನದಲ್ಲಿ ಅಣ್ಣ ಮಾತಿಲ್ಲದೆ ಇದ್ದದ್ದು ಕಂಡವಳಲ್ಲ.

ಕದಲಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ಡಾಕ್ಟರ್ ಎಲ್ಲರಿಗೂ ಪೊಟ್ಯಾಸಿಯಮ್ ಇಳಿಸುವ ಪುಡಿ ಕೊಟ್ಟರು, ಇಂಜೆಕ್ಷನ್ ಕೊಟ್ಟರು, ವಾರ್ಡಿನಲ್ಲೇ ಇರಿ ಅಂದರು. ಇದ್ದಿಲು ತರಲು ಎಲೆಕ್ಟ್ರಿಷಿಯನ್ ತಮ್ಮದೇ ಬೈಕಿನಲ್ಲಿ ಲಾರಿಯನ್ನು ಹುಡುಕಿಕೊಂಡು ಹೊರಟರು. ಅಣ್ಣ, ಮೇಷ್ಟ್ರು ಉಳಿದರು. ಟೈಲರಮ್ಮನ ಗಂಡ ಉಳಿಯಲಿಲ್ಲ. "ಈ ಸೆಕೆಲಿ ವಾರ್ಡಲ್ಲಿ ಕೂರಿಸಿ ಬೇಯಿಸ್ತೀರಾ?" ಅಂದವನೇ ಅವಳನ್ನು ಸ್ಕೂಟರ್ ಮೇಲೆ ಕೂರಿಸಿದ. ಡಾಕ್ಟರ್ ಗೇಟಿನವರೆಗೆ ಹಿಂದೆಯೇ ಹೋದರು. ಅವಳು ಅವನ ಬೆನ್ನಿಗೆ ತಲೆಯಿಟ್ಟು, ನನ್ನ ಕಡೆ ಒಂದು ಬೆರಳೆತ್ತಿ ತೋರಿಸಿದಳು. ನಾಳೆ ಬರುತ್ತೇನೆ ಅಂತ ಇರಬೇಕು.

ಮೇ 4

ಇದ್ದಿಲು ಬಂತು. ಬದಲಿಸಿದೆವು. ಕೊಳವೆಯ ನೀರು ತಿಳಿ. ಮಧ್ಯಾಹ್ನದ ಹೊತ್ತಿಗೆ ಅಣ್ಣನನ್ನು ಹಾಕಿದೆ. ಒಂದು ಗಂಟೆಯಲ್ಲಿ ಉಸಿರು ಹಗುರಾಯಿತು. ಅತ್ತಿಗೆ ನನ್ನ ಭುಜ ಮುಟ್ಟಿ ಹೋದರು.

ಮೊದಲ ಮಂಚ ಖಾಲಿ. ಫೋನ್ ಮಾಡಿಸಿದೆ. ಎತ್ತಲಿಲ್ಲ.

ಮೇ 5

ಟೈಲರಮ್ಮ ನಿನ್ನೆ ಬೆಳಗಾಗುವಾಗಲೇ ಹೋದಳಂತೆ. ಹೃದಯ ನಿಂತಿತಂತೆ. ಎದ್ದು ಕೂತು ಏನೋ ಕೇಳಿದಳಂತೆ...

ಬರೆಯಲಾರೆ.

ಮೇ 10

ಅವಳ ಗಂಡ ಬಂದಿದ್ದ. ಜಗಳಕ್ಕೆ ಅಂದುಕೊಂಡೆ. ಅವನು ಖಾಲಿ ಮಂಚದ ಬಳಿ ನಿಂತ. ಗಡ್ಡ ಬೆಳೆದಿತ್ತು.

"ಒಂದೇ ಮಾತು ಕೇಳ್ಬೇಕು ಸಿಸ್ಟರ್. ಆವತ್ತು ಹಾಕಿದ್ರೆ ಬದುಕ್ತಿದ್ಲಾ?"

ಮಂಚದ ಹಾಸು ಎಳೆದು ಸರಿಮಾಡಿದೆ.

"ಗೊತ್ತಿಲ್ಲ ಅನ್ಬೇಡಿ. ಯಾವ್ದಾದ್ರೂ ಒಂದು ಹೇಳಿ. ಇಲ್ದಿದ್ರೆ ನಾನು ನಿದ್ದೆ ಮಾಡಲ್ಲ."

"ಇಲ್ಲ. ಇಲ್ಲೇ, ನಮ್ಮ ಕಣ್ಣೆದುರೇ ಹೋಗ್ತಿದ್ರು."

ತಲೆಯಾಡಿಸಿದ. "ಮತ್ತೆ ನಾನು ಮನೆಗೆ ಕರ್ಕೊಂಡು ಹೋಗಿದ್ದು?"

ಉತ್ತರಕ್ಕೆ ಕಾಯಲಿಲ್ಲ. ಹೊರಟುಹೋದ.

ಗಟ್ಟಿಯಾಗಿ ಹೇಳಿದೆ. ಅಷ್ಟು ಗಟ್ಟಿಯಾಗಿ ನನಗೇ ಗೊತ್ತಿದೆಯೇ? ಬಣ್ಣ ತೆಳುವಿತ್ತು. ಅಷ್ಟು ತೆಳು ಬಣ್ಣಕ್ಕೆ ಸಾಯುತ್ತಿದ್ದಳೋ, ಬರೀ ಸುಸ್ತಾಗುತ್ತಿತ್ತೋ? ಡಾಕ್ಟರ್ ಮೇಡಂ ಕೂಡ ಈಗ ಆ ಮಾತು ಎತ್ತುವುದಿಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದು ಕಡಿಮೆಯಾಗಿದೆ.

ಮೇ 13

ನಮ್ಮ ಡಯಾಲಿಸಿಸ್ ವಿಭಾಗ ಮುಚ್ಚುತ್ತಾರೆ. ಡ್ಯಾಮಿನಿಂದ ಇನ್ನು ಒಂದು ಹನಿಯನ್ನೂ ಎತ್ತಲಾಗದು ಅಂತ ಘೋಷಿಸಿದ್ದಾರೆ. ಊರಿಗೆ ಟ್ಯಾಂಕರ್ ಮಾತ್ರ, ಅದೂ ಕುಡಿಯಲಿಕ್ಕೆ.

ಸಮುದ್ರದ ಪಕ್ಕದ ಊರಿನ ದೊಡ್ಡ ಆಸ್ಪತ್ರೆ ನಮ್ಮವರನ್ನು ತೆಗೆದುಕೊಳ್ಳುತ್ತದಂತೆ. ಅಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುತ್ತಾರೆ, ಗಾಳಿಯಿಂದ ಕರೆಂಟ್ ತೆಗೆಯುತ್ತಾರೆ. ಡಾಕ್ಟರ್ ಫೋನಿನಲ್ಲಿ ಮಾತಾಡಿದ್ದಾರೆ. ನಾಡಿದ್ದು ಬಸ್. ರೋಗಿಗಳು, ಡಾಕ್ಟರ್, ನಾನು. ಮನೆಯವರು ಆಮೇಲೆ ಬರಬೇಕು.

ಅತ್ತಿಗೆ ಅಣ್ಣನ ಬಟ್ಟೆ ಮಡಚುತ್ತಿದ್ದರು. ಒಂದೇ ಅಂಗಿಯನ್ನು ಬಿಚ್ಚಿ ಮಡಚಿ, ಬಿಚ್ಚಿ ಮಡಚಿ. "ನಿನ್ ಮೇಲೆ ಸಿಟ್ಟಿಲ್ಲ ಕಣೇ," ಅಂದರು ತಲೆ ಎತ್ತದೆ. "ಆವತ್ತು ಅವ್ರಿಗೊಬ್ಬರಿಗೇ ಹಾಕು ಅಂದೆನಲ್ಲ. ಹಾಕಿದ್ದಿದ್ರೆ ಅಂತ ನೆನೆಸ್ಕೊಂಡ್ರೆ ಜೀವ ಬಾಯಿಗೆ ಬರುತ್ತೆ. ಹಾಕ್ದೇ ಇದ್ದಿದ್ದಕ್ಕೆ ಆ ಹುಡುಗಿ... ಅದನ್ನ ನೆನೆಸ್ಕೊಂಡ್ರೂ ಅಷ್ಟೇ."

ಇಬ್ಬರೂ ಅತ್ತೆವು. ಅಣ್ಣ ಒಳಗಿನಿಂದ "ನೀರು ವೇಸ್ಟ್ ಮಾಡ್ಬೇಡಿ" ಅಂದ.

ಮೇ 15, ಬೆಳಿಗ್ಗೆ, ಬಸ್ಸಿನಲ್ಲಿ

ಸೀಟಿಗೊಬ್ಬರಂತೆ ಮಲಗಿಸಿದ್ದೇವೆ. ಮಷಿನ್‌ಗೆ ಹಾಕಿ ನಾಲ್ಕನೆಯ ದಿನ. ಮೇಷ್ಟ್ರು ಬೆಳಗಿನಿಂದ ಕಣ್ಣು ತೆರೆದಿಲ್ಲ, ಕರೆದರೆ ಬೆರಳಾಡಿಸುತ್ತಾರೆ.

ಅಣ್ಣ ಹೊರಡುವಾಗ ಮಾತ್ರ "ರೈಟ್" ಅಂದ. ಧ್ವನಿ ಮುಂದಿನ ಸೀಟಿಗೂ ಮುಟ್ಟಲಿಲ್ಲ. ಡ್ರೈವರ್‌ಗೆ ಕೇಳಿಸಿತೋ ಏನೋ, ತಿರುಗಿ ನೋಡಿ ಕೈ ಎತ್ತಿದ.

ಡ್ಯಾಮಿನ ಪಕ್ಕದ ರಸ್ತೆ. ನೀರೆತ್ತುವ ಗೋಪುರ ಬಯಲಿನ ಮಧ್ಯೆ ಒಂಟಿಯಾಗಿ ನಿಂತಿದೆ. ಅದರ ಬುಡದಲ್ಲಿ ಹಸುಗಳು. ಮುಂದೆ ಆಚೆ ದಡದಲ್ಲಿ ದೊಡ್ಡ ತಂತಿ ಕಂಬಗಳ ಸಾಲು, ಗುಡ್ಡ ಹತ್ತಿ ಇಳಿದು ಊರಿನ ಕಡೆಗೆ. ಎಲ್ಲ ಇದೆ. ಅದರೊಳಗೆ ಹರಿಯಬೇಕಾದದ್ದು ಮಾತ್ರ ಇಲ್ಲ.

ಮೇ 15, ಮಧ್ಯಾಹ್ನ

ಸಮುದ್ರ ಕಂಡಿತು. ಕಣ್ಣು ಹೋದಷ್ಟೂ ನೀರು.

ಆಸ್ಪತ್ರೆಯ ತಿರುವಿನಲ್ಲಿ ಡ್ರೈವರ್ ಬ್ರೇಕ್ ಹಾಕಿದ. ಮುಂದೆ ಬಸ್. ಅದರ ಮುಂದೆ ಆಂಬುಲೆನ್ಸ್, ವ್ಯಾನ್, ಮತ್ತೆ ಬಸ್. ಗೇಟಿನವರೆಗೂ ಸಾಲು. ಬೇರೆ ಬೇರೆ ಊರಿನ ಬೋರ್ಡುಗಳು. ಎಲ್ಲರಿಗೂ ಬನ್ನಿ ಅಂದಿದ್ದಾರೆ ಅಥವಾ ಯಾರಿಗೂ ಅನ್ನದೆ ಎಲ್ಲರೂ ಬಂದಿದ್ದಾರೆ. ಡಾಕ್ಟರ್ ಮೇಡಂ ಇಳಿದು ಓಡಿದರು. ಇನ್ನೂ ಬಂದಿಲ್ಲ. ಡ್ರೈವರ್ ಎಂಜಿನ್ ಆರಿಸಿದ. ಸೆಕೆ ಒಳಗೆ ನುಗ್ಗಿತು.

ಒಬ್ಬ ಮನುಷ್ಯ, ಮಾಸ್ಕ್ ಹಾಕಿಕೊಂಡವನು, ಒಂದೊಂದೇ ಬಸ್ ಹತ್ತಿ ಇಳಿಯುತ್ತಿದ್ದಾನೆ. ಒಬ್ಬೊಬ್ಬರ ಮುಖ ನೋಡುತ್ತಾನೆ, ಬೆರಳು ತೋರಿಸುತ್ತಾನೆ. ತೋರಿಸಿದವರು ಇಳಿಯುತ್ತಾರೆ. ಉಳಿದವರು ಕೂತಿರುತ್ತಾರೆ. ನಮ್ಮ ಮುಂದಿನ ಬಸ್ಸಿನಿಂದ ಮೂವರು ಇಳಿದರು. ಒಬ್ಬ ತಾನೇ ನಡೆದ. ಒಬ್ಬಳನ್ನು ಹೊತ್ತು ಒಯ್ದರು. ಇನ್ನೊಬ್ಬ ಮುದುಕ, ಅತ್ತ ನಡೆಯಲೂ ಆಗದೆ ಇತ್ತ ಬೀಳಲೂ ಆಗದೆ. ಯಾವ ಲೆಕ್ಕದಲ್ಲಿ ಆರಿಸುತ್ತಿದ್ದಾನೆ, ತಿಳಿಯುತ್ತಿಲ್ಲ. ತೀರಾ ಹದಗೆಟ್ಟವರನ್ನೋ, ಉಳಿಯುವವರನ್ನೋ?

ಅಣ್ಣ ಎಚ್ಚರಾದ. ಅವನೂ ಕಿಟಕಿಯಿಂದ ನೋಡುತ್ತಿದ್ದ ಅಂತ ಕಾಣುತ್ತದೆ. ನನ್ನ ಬ್ಯಾಗಿನಿಂದ ಬಾಚಣಿಗೆ ತೆಗೆದುಕೊಂಡ.

"ಪುಟ್ಟೀ, ಹುಷಾರಾಗಿರೋ ಥರ ಕಾಣ್ಬೇಕಾ, ಕಾಯಿಲೆಯವನ ಥರ ಕಾಣ್ಬೇಕಾ?"

ತಮಾಷೆ ಅಂದುಕೊಂಡೆ. ಅವನ ಮುಖದಲ್ಲಿ ನಗು ಇರಲಿಲ್ಲ.

"ಬೇಗ ಹೇಳೇ."

ಆ ಮನುಷ್ಯ ನಮ್ಮ ಬಾಗಿಲಿಗೆ ಬಂದ. ಮೆಟ್ಟಿಲ ಮೇಲೆ ಕಾಲಿಟ್ಟಿದ್ದಾನೆ. ಡ್ರೈವರ್ ಸರಿದು ದಾರಿ ಬಿಟ್ಟ. ಅಣ್ಣ ಬಾಚಣಿಗೆಯನ್ನು ತಲೆಯ ಮೇಲೆ ಹಾಗೇ ಹಿಡಿದು ನನ್ನನ್ನೇ ನೋಡುತ್ತಿದ್ದಾನೆ. ಏನಾದರೂ ಒಂದು ಹೇಳಬೇಕು.